ಕರಿ ದ್ರಾಕ್ಷಿ, ಬಿಳಿ ದ್ರಾಕ್ಷಿ ಮತ್ತು ಒಂದು ಕಿಣ್ವ

ಬೇಸಿಗೆ ಕಾಲಿಡುವ ಹೊತ್ತಿಗೆ ತಿಕೋಟಾ, ಬಬಲೇಶ್ವರ ಭಾಗದ ತೋಟಗಳಿಂದ ವಿಜಯಪುರದ ಮಾರುಕಟ್ಟೆಗೆ ದ್ರಾಕ್ಷಿ ಬರತೊಡಗುತ್ತದೆ. ಒಂದು ಕಡೆ ಹಸಿರು-ಹಳದಿಯ ಥಾಮ್ಸನ್ ಸೀಡ್‌ಲೆಸ್, ಪಕ್ಕದಲ್ಲೇ ಕಪ್ಪನೆಯ ಶರದ್ ಸೀಡ್‌ಲೆಸ್. ಕರಿ ದ್ರಾಕ್ಷಿಯಲ್ಲಿ ಬಣ್ಣದ ಜೀನ್ ಇದೆ, ಬಿಳಿಯದರಲ್ಲಿ ಇಲ್ಲ, ಅಷ್ಟೇ ತಾನೇ? ಹಾಗೆಂದುಕೊಂಡರೆ ತಪ್ಪಾಗುತ್ತದೆ. ಆಂಥೋಸಯನಿನ್ ಎಂಬ ಬಣ್ಣಕ್ಕೆ ಸಕ್ಕರೆ ಜೋಡಿಸಿ ಅದು ಸಿಪ್ಪೆಯಲ್ಲಿ ನಿಲ್ಲುವಂತೆ ಮಾಡುವ ಜೀನ್ ಬಿಳಿ ತಳಿಗಳಲ್ಲೂ ಇದೆ. ಅದನ್ನು ಓದುವವರು ಮಾತ್ರ ಅಲ್ಲಿಗೆ ಬರುವುದಿಲ್ಲ!

ಜೀನನ್ನು ಓದಿ ಆರ್‌ಎನ್‌ಎ ಪ್ರತಿ ತೆಗೆಯುವ ಕೆಲಸ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವದ್ದು. ಮನುಷ್ಯನ ಜೀವಕೋಶದ ಬೀಜಕಣದಲ್ಲಿ ಇದರಲ್ಲಿ ಮೂರು ಬಗೆ, ಗಿಡಗಳಲ್ಲಿ ಐದು. ಪ್ರೊಟೀನಿನ ಜೀನುಗಳನ್ನು ಓದುವುದು ಎರಡನೆಯದು, 12 ತುಂಡುಗಳು ಕೂಡಿ ಆದ ದೊಡ್ಡ ಯಂತ್ರ. ಇದರ ರಚನೆಯನ್ನು ಬಿಡಿಸಿ ತೋರಿಸಿದ ರೋಜರ್ ಕಾರ್ನ್‌ಬರ್ಗ್ ಅವರಿಗೆ 2006ರಲ್ಲಿ ನೊಬೆಲ್ ಬಂತು. ಇಷ್ಟು ದೊಡ್ಡ ಯಂತ್ರವಾದರೂ ಜೀನ್ ಎಲ್ಲಿ ಶುರುವಾಗುತ್ತದೆಂದು ಅದಕ್ಕೆ ತಾನಾಗಿ ತಿಳಿಯದು. ಜೀನಿನ ಮುಂದಿರುವ ‘ಪ್ರಮೋಟರ್’ ಎಂಬ ಜಾಗದಲ್ಲಿ ಬೇರೆ ಪ್ರೊಟೀನುಗಳು ಮೊದಲೇ ಕುಳಿತು ಅದನ್ನು ಕರೆದು ಕೂರಿಸಬೇಕು. ಕರೆಯುವವರನ್ನು ಹತೋಟಿಯಲ್ಲಿಟ್ಟರೆ ಸಾಕು, ಕಿಣ್ವ ಹತೋಟಿಯಲ್ಲಿದ್ದಂತೆ. ದ್ವಿತೀಯ ಪಿಯುಸಿಯ ಮಕ್ಕಳು ಬಾಯಿಪಾಠ ಮಾಡುವ ‘ಲ್ಯಾಕ್ ಓಪೆರಾನ್’ ಕೂಡ ಇದೇ ಮಾತನ್ನು ಬ್ಯಾಕ್ಟೀರಿಯಾದ ಮೂಲಕ ಹೇಳುತ್ತದೆ. ದ್ರಾಕ್ಷಿಯಲ್ಲಾದರೆ ಅದನ್ನು ಕಣ್ಣಿಂದಲೇ ನೋಡಬಹುದು.

ಕರಿ ದ್ರಾಕ್ಷಿಯೂ ಮೊದಲು ಹಸಿರೇ. ಕಾಯಿ ಮೆತ್ತಗಾಗಿ ಸಿಹಿ ತುಂಬತೊಡಗಿದಾಗಷ್ಟೇ ‘ಮಿಬ್’ ಗುಂಪಿನ ಒಂದು ಪ್ರೊಟೀನ್ ತಯಾರಾಗುತ್ತದೆ. ಅದು ಬಣ್ಣದ ಜೀನಿನ ಪ್ರಮೋಟರಿಗೆ ಹೋಗಿ ಅಂಟಿಕೊಂಡರೆ ಪಾಲಿಮರೇಸ್ ಕೆಲಸಕ್ಕೆ ತೊಡಗುತ್ತದೆ, ಕೆಲವೇ ದಿನಗಳಲ್ಲಿ ಗೊನೆ ಕಪ್ಪಾಗುತ್ತದೆ. ಬಿಳಿ ತಳಿಗಳಲ್ಲಿ ಈ ಮಿಬ್ ತಯಾರಾಗುವುದೇ ಇಲ್ಲ. ಏಕೆ?

ಉತ್ತರ 2004ರಲ್ಲಿ ಜಪಾನಿನಿಂದ ಬಂತು. ಕೊಬಾಯಾಶಿ ಮತ್ತು ಸಂಗಡಿಗರು ಬಿಳಿ ತಳಿಗಳಲ್ಲಿ ಮಿಬ್ ಜೀನಿನ ಪ್ರಮೋಟರನ್ನು ನೋಡಿದಾಗ, ಅಲ್ಲಿ ಸುಮಾರು 10,400 ಅಕ್ಷರಗಳ ಡಿಎನ್‌ಎ ತುಂಡೊಂದು ನುಸುಳಿ ಕುಳಿತಿತ್ತು. ಇದು ‘ಜಿಗಿಯುವ ಜೀನ್’ಗಳ ಜಾತಿಯದು. ಮೆಕ್ಕೆಜೋಳದ ಕಾಳಿನ ಬಣ್ಣ ನೋಡಿಯೇ ಇಂಥವನ್ನು ಮೊದಲು ಗುರುತಿಸಿದ ಬಾರ್ಬರಾ ಮೆಕ್‌ಕ್ಲಿಂಟಾಕ್ ಅವರಿಗೆ ನೊಬೆಲ್ ಸಿಗಲು 1983ರವರೆಗೆ ಕಾಯಬೇಕಾಯಿತು. ದ್ರಾಕ್ಷಿಯಲ್ಲಿ ಹೀಗೆ ಅಡ್ಡ ಕುಳಿತ ತುಂಡಿನಿಂದ ಮಿಬ್ ಜೀನನ್ನು ಪಾಲಿಮರೇಸ್ ಓದಲಾಗದು. ಪಕ್ಕದ ಜೋಡಿ ಜೀನೂ ಬಿಳಿ ತಳಿಗಳಲ್ಲಿ ಕೆಟ್ಟಿದೆಯೆಂದು 2007ರಲ್ಲಿ ತಿಳಿಯಿತು.

ಈ ತುಂಡೇ ಕಾರಣವೆಂದು ನಂಬುವುದು ಹೇಗೆ? ಬ್ರೆಜಿಲ್‌ನಲ್ಲಿ ‘ಇಟಾಲಿಯಾ’ ಎಂಬ ಬಿಳಿ ತಳಿಯ ಬಳ್ಳಿಯಲ್ಲಿ ಕೆಂಪು ಗೊನೆ ಬಿಟ್ಟ ಕವಲೊಂದು ಸಿಕ್ಕಿತ್ತು. ಅದರಿಂದ ಬೆಳೆಸಿದ್ದೇ ‘ರೂಬಿ ಒಕುಯಾಮಾ’. ಅದರ ಪ್ರಮೋಟರಿನಲ್ಲಿ ಆ ತುಂಡಿನ ಬಹುಪಾಲು ಕಳಚಿ, 800 ಚಿಲ್ಲರೆ ಅಕ್ಷರ ಮಾತ್ರ ಉಳಿದಿತ್ತು. ಅಡ್ಡಿ ಹೋಯಿತು, ಬಣ್ಣ ಬಂತು!

ತಿಕೋಟಾದ ಥಾಮ್ಸನ್ ಬಳ್ಳಿಗೆ ಅಂಥ ಅದೃಷ್ಟ ಬಂದರೂ ರೈತ ಹಿಗ್ಗಲಾರ, ಒಣದ್ರಾಕ್ಷಿಗೆ ಅವನಿಗೆ ಬೇಕಿರುವುದು ಬಿಳಿಯೇ. (ಒಣಗುವಾಗ ಅದು ಕಂದಾಗುವುದು ಬೇರೆ ಕಿಣ್ವದ ಕೆಲಸ.) ಬೀಜವಿಲ್ಲದ ಈ ಬಳ್ಳಿ ಕಡ್ಡಿಯಿಂದ ಕಡ್ಡಿಗೆ, ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿಯಾಗಿ ಬಂದದ್ದು. ಹಾಗಾಗಿ ಆ ಹಳೆಯ ಅಡ್ಡಿಯ ನಕಲು ಪಡದ ಪ್ರತಿಯೊಂದು ಗಿಡದಲ್ಲೂ ಇದೆ.

ಚಿಂತೆಯಿರುವುದು ಕರಿ ದ್ರಾಕ್ಷಿ ಬೆಳೆದವರಿಗೆ. ಹಣ್ಣಾಗುವ ದಿನಗಳಲ್ಲಿ ಸೆಕೆ ಏರಿ, ರಾತ್ರಿಯೂ ತಂಪಾಗದಿದ್ದರೆ ಮಿಬ್ ಜೀನಿನ ಓದು ತಗ್ಗುತ್ತದೆ. ಆಗ ಒಂದೇ ಗೊನೆಯಲ್ಲಿ ಕೆಲವು ಹಣ್ಣು ಕಪ್ಪು, ಕೆಲವು ಕೆಂಪು, ಕೆಲವು ಹಸಿರು. ಸಿಹಿ ತುಂಬಿದ್ದರೂ ಕೊಳ್ಳುವವರು ಮೂಗು ಮುರಿಯುತ್ತಾರೆ. ಬಣ್ಣ ಬರಿಸಲು ಬೆಳೆಗಾರರು ಎಥಿಫಾನ್ ಸಿಂಪಡಿಸುವುದುಂಟು. ಅದರಿಂದ ಹೊರಡುವ ಎಥಿಲೀನ್ ಬಣ್ಣದ ಜೀನುಗಳ ಓದನ್ನು ಹೆಚ್ಚಿಸುತ್ತದೆ. ಪ್ರಮಾಣ ಮೀರಿದರೆ ಹಣ್ಣು ಮೆತ್ತಗಾಗಿ ಗೊನೆಯಿಂದ ಉದುರುತ್ತದೆ.