ಡಿಸ್ಕ್ ಇದ್ದರೂ ವಿಂಡೋಸ್‌ಗೆ ಕಾಣದೇಕೆ?

ಪ್ರಶ್ನೆ: ಲ್ಯಾಪ್‌ಟಾಪಿಗೆ ಪೆನ್‌ಡ್ರೈವಿನಿಂದ ವಿಂಡೋಸ್ ಹಾಕಲು ಹೊರಟರೆ ಡಿಸ್ಕ್‌ಗಳ ಪಟ್ಟಿಯೇ ಖಾಲಿ. ಡಿಸ್ಕ್ ಕೆಟ್ಟಿದೆಯೇ?

ಉತ್ತರ: ದಯವಿಟ್ಟು ಅವಸರಪಟ್ಟು ಹೊಸ ಡಿಸ್ಕ್ ಕೊಳ್ಳಬೇಡಿ. ಮೊದಲು ಬಯಾಸ್ ತೆರೆದು ನೋಡಿ. ಅಲ್ಲೂ ಡಿಸ್ಕಿನ ಹೆಸರಿಲ್ಲದಿದ್ದರೆ ಸ್ಲಾಟ್, ಕೇಬಲ್ ಅಥವಾ ಡಿಸ್ಕನ್ನೇ ಅನುಮಾನಿಸಬೇಕು. ಅಲ್ಲಿ ಕಂಡು ವಿಂಡೋಸ್‌ಗೆ ಮಾತ್ರ ಕಾಣದಿದ್ದರೆ, ಬಹುತೇಕ ಡ್ರೈವರಿನ ಕೊರತೆ.

ಇಂಟೆಲ್‌ನ 11ನೇ ತಲೆಮಾರಿನ ಪ್ರೊಸೆಸರ್‌ಗಳಿಂದ ಈಚೆಗೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯನ್ನು ವಿಎಂಡಿ ಎಂಬ ನಿಯಂತ್ರಕದ ಮೂಲಕವೇ ಮಾತನಾಡಿಸಬೇಕು. ಅದರ ಡ್ರೈವರ್ ಇಲ್ಲದ ಇನ್‌ಸ್ಟಾಲರಿಗೆ ಆ ನಿಯಂತ್ರಕದಾಚೆಯ ಡಿಸ್ಕ್ ಗೊತ್ತಾಗುವುದೇ ಇಲ್ಲ.

ಲ್ಯಾಪ್‌ಟಾಪ್ ತಯಾರಕರ ತಾಣದಿಂದ ನಿಮ್ಮ ಮಾಡೆಲ್ಲಿನ ಆ ಡ್ರೈವರ್, ಅಂದರೆ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿಕೊಳ್ಳಿ. ಬಹಳ ಮಂದಿ ಎಡವುವುದು ಇಲ್ಲೇ: ಇಎಕ್ಸ್‌ಇ ಫೈಲನ್ನು ಹಾಗೇ ಪೆನ್‌ಡ್ರೈವಿಗೆ ಹಾಕಿದರೆ ಪ್ರಯೋಜನವಿಲ್ಲ. ಬೇರೆ ಕಂಪ್ಯೂಟರಿನಲ್ಲಿ ಅದನ್ನು ಬಿಡಿಸಿ, ಒಳಗಿನ ‘.ಐಎನ್‌ಎಫ್’ ಫೈಲಿರುವ ಇಡೀ ಫೋಲ್ಡರನ್ನು ಹಾಕಬೇಕು. ಆಮೇಲೆ ಆ ಖಾಲಿ ಪಟ್ಟಿಯ ಪರದೆಯಲ್ಲೇ ‘ಲೋಡ್ ಡ್ರೈವರ್’ ಒತ್ತಿ ಫೋಲ್ಡರ್ ತೋರಿಸಿ, ಡಿಸ್ಕ್ ಪ್ರತ್ಯಕ್ಷವಾಗುತ್ತದೆ.

ಬಯಾಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡುವುದು ಇನ್ನೊಂದು ದಾರಿ. ನನಗೆ ಡ್ರೈವರ್ ದಾರಿಯೇ ಮೇಲು. ಏಕೆಂದರೆ ಡಿಸ್ಕಿನಲ್ಲಿ ಹಳೆಯ ವಿಂಡೋಸ್ ಇದ್ದರೆ, ವಿಎಂಡಿ ಆಫ್ ಆದೊಡನೆ ಅದು ಬೂಟ್ ಆಗದೆ ನೀಲಿ ಪರದೆ ತೋರಿಸಬಹುದು. ಬಿಟ್‌ಲಾಕರ್ ಇದ್ದರೆ ರಿಕವರಿ ಕೀಯನ್ನೂ ಕೇಳಬಹುದು. ಆ ಕೀಯನ್ನು ಮೊದಲೇ ಬರೆದಿಟ್ಟುಕೊಂಡು, ಬೇಕಾದ ಫೈಲುಗಳನ್ನು ಬೇರೆಡೆ ನಕಲು ಮಾಡಿಕೊಂಡೇ ಬಯಾಸ್‌ಗೆ ಕೈಹಾಕಿ.