ಸೌಂಡ್ ಸಿಸ್ಟಂ ಹುಚ್ಚು ಹೊಟ್ಟೆಗೆ ಹಿಟ್ಟಾಗುತ್ತಾ? ಅಂಗಡಿ ಹಾಕುವ ಮುನ್ನ ಇದನ್ನೊಮ್ಮೆ ಓದಿ

ಪ್ರತಿ ಊರಲ್ಲೂ ಇಂಥವರೊಬ್ಬರು ಇರ್ತಾರೆ. ಹಗಲು ಶಾಲೆಯಲ್ಲೋ ಸೊಸೈಟಿಯಲ್ಲೋ ಕಿರಾಣಿ ಅಂಗಡಿಯಲ್ಲೋ ಕೆಲಸ, ರಾತ್ರಿ ಆಂಪ್ಲಿಫೈಯರ್ ಬಿಚ್ಚಿಕೊಂಡು ಕೂರೋದು. ಯಾರ ಮನೆಗೆ ಹೊಸ ಟಿವಿ ಬಂದರೂ, ದೇವಸ್ಥಾನದ ಮೈಕ್ ಕೈಕೊಟ್ಟರೂ ಮೊದಲ ಫೋನ್ ಅವರಿಗೇ. ಹೋಗ್ತಾರೆ, ಸರಿ ಮಾಡ್ತಾರೆ, ಕಾಫಿ ಕುಡಿದು ಬರ್ತಾರೆ. ಇದನ್ನೇ ಕಸುಬು ಮಾಡಿಕೊಂಡರೆ ಹೇಗೆ ಅನ್ನಿಸಿದಾಗ ಹೆಚ್ಚಿನವರ ತಲೆಗೆ ಬರೋದು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮಳಿಗೆ, ಅದಕ್ಕೆ ಅಡ್ವಾನ್ಸ್, ಶೋಕೇಸ್ ತುಂಬ ಸ್ಪೀಕರ್. ಎಡವುವುದೂ ಅಲ್ಲೇ.

ಪೆಟ್ಟಿಗೆ ಮಾರಿ ಬದುಕುವುದು ಕಷ್ಟ. ಗಿರಾಕಿ ಅಂಗಡಿಗೆ ಬಂದು ಸ್ಪೀಕರ್ ಕೇಳಿ, ಅಲ್ಲೇ ನಿಂತು ಮೊಬೈಲ್‌ನಲ್ಲಿ ರೇಟ್ ನೋಡ್ತಾನೆ. ಆನ್‌ಲೈನ್ ರೇಟಿಗೆ ಕೊಟ್ಟರೆ ಬಾಡಿಗೆಗೂ ಗಿಟ್ಟಲ್ಲ, ಕೊಡದಿದ್ದರೆ ಸಾಮಾನು ಧೂಳು ಹಿಡಿಯುತ್ತೆ. ಅಷ್ಟರಲ್ಲಿ ಹೊಸ ಮಾಡೆಲ್ ಬಂದಿರುತ್ತೆ, ಬ್ಯಾಂಕಿನ ಕಂತು ಮಾತ್ರ ತಪ್ಪಲ್ಲ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ, ಕಿಶೋರ್ ವಿಭಾಗದಲ್ಲಿ 5 ಲಕ್ಷದವರೆಗೆ ಸಾಲ ಇದೆ, ನಿಜ. ಆದರೆ ಡ್ರಿಲ್ಲಿಂಗ್ ಮಷಿನ್, ಏಣಿ, ಮಲ್ಟಿಮೀಟರ್, ಕ್ರಿಂಪಿಂಗ್ ಟೂಲ್, ಅಳತೆಯ ಮೈಕ್ ಇಷ್ಟಕ್ಕೆ ಶಿಶು ಸಾಲವೇ ಸಾಕು. ಸ್ಟಾಕ್ ತುಂಬಲು ಸಾಲ ಮಾಡುವುದು ಬೇರೆ ಮಾತು.

ಆನ್‌ಲೈನ್‌ನಲ್ಲಿ ಸಿಗದ್ದು ಒಂದೇ: ಮನೆಗೆ ಬಂದು, ಆ ಕೋಣೆಯಲ್ಲಿ ಸೌಂಡ್ ಸರಿಯಾಗಿ ಕೇಳಿಸುವ ಹಾಗೆ ಮಾಡಿಕೊಡುವ ಮನುಷ್ಯ. ಹವ್ಯಾಸಿಯ ಬಂಡವಾಳ ಅದೇ.

ಇದಕ್ಕೆ ದೊಡ್ಡ ಉದಾಹರಣೆ ಅಮರ್ ಬೋಸ್. ಅವರ ತಂದೆ ಬ್ರಿಟಿಷರಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಬಂಗಾಳಿ ಸ್ವಾತಂತ್ರ್ಯ ಹೋರಾಟಗಾರ. ಎರಡನೇ ಮಹಾಯುದ್ಧದ ದಿನಗಳಲ್ಲಿ ಹದಿಹರೆಯದ ಅಮರ್ ರೇಡಿಯೊ ರಿಪೇರಿ ಮಾಡಿ ಮನೆ ಖರ್ಚಿಗೆ ನೆರವಾದರು. 1956ರಲ್ಲಿ ಎಂಐಟಿಯಲ್ಲಿ ಓದುವಾಗ ಹುಡುಕಿ ಹುಡುಕಿ ಒಂದು ಸ್ಟೀರಿಯೊ ಕೊಂಡರು. ಕಾಗದದ ಮೇಲಿನ ಅಂಕಿಗಳೆಲ್ಲ ಚೆನ್ನಾಗಿದ್ದವು, ಕಿವಿಗೆ ಮಾತ್ರ ಹಿತವಾಗಲಿಲ್ಲ. ಪಿಟೀಲು ಕಲಿತ ಕಿವಿ ಅದು. ಕಾರಣ ಹುಡುಕುತ್ತ ಹೋದವರು ಮುಖ್ಯವಾಗಿ ಗಮನಿಸಿದ್ದು, ಸಂಗೀತ ಸಭಾಂಗಣದಲ್ಲಿ ಕೇಳುಗರನ್ನು ಮುಟ್ಟುವ ದನಿಯಲ್ಲಿ ಹೆಚ್ಚಿನ ಪಾಲು ಗೋಡೆ, ಛಾವಣಿಗೆ ಬಡಿದು ಬಂದದ್ದು ಅನ್ನುವುದನ್ನು. 1964ರಲ್ಲಿ ಕಂಪನಿ ಕಟ್ಟಿದರು. ಮೊದಲ ಸ್ಪೀಕರ್ ಮಾರುಕಟ್ಟೆಯಲ್ಲಿ ಸೋತಿತು. 1968ರ 901 ಗೆದ್ದಿತು. ಅದರ ಒಂಬತ್ತು ಡ್ರೈವರ್‌ಗಳಲ್ಲಿ ಎಂಟು ಗೋಡೆಯ ಕಡೆ ಮುಖ ಮಾಡಿದ್ದವು! ಇನ್ನೊಂದು ಮಾತು: ಕಂಪನಿ ಅಷ್ಟು ಬೆಳೆದರೂ ಬೋಸ್ 2001ರವರೆಗೆ ಮೇಷ್ಟ್ರು ಕೆಲಸ ಬಿಡಲಿಲ್ಲ.

ಗೋಡೆಯ ಆ ಲೆಕ್ಕ ತಾಲೂಕಿನ ಮನೆಗಳಿಗೂ ಅನ್ವಯಿಸುತ್ತೆ. ವಿಟ್ರಿಫೈಡ್ ಟೈಲ್ಸ್, ಖಾಲಿ ಗೋಡೆ, ದೊಡ್ಡ ಗಾಜಿನ ಕಿಟಕಿ ಇರುವ ಹಾಲ್‌ನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ದನಿ ಟಣ್ ಅಂತ ಉಳಿಯುತ್ತೆ. ಅಲ್ಲಿ ಎಷ್ಟು ದುಬಾರಿ ಸ್ಪೀಕರ್ ಇಟ್ಟರೂ ಸಿನಿಮಾದ ಮಾತು ಅರ್ಥವಾಗಲ್ಲ. ದಪ್ಪ ಪರದೆ, ನೆಲಕ್ಕೆ ಜಮಖಾನ, ಸ್ಪೀಕರನ್ನು ಕೂತವರ ಕಿವಿಮಟ್ಟಕ್ಕೆ ತರುವುದು, ಇಷ್ಟರಲ್ಲೇ ಅರ್ಧ ಸಮಸ್ಯೆ ತೀರುತ್ತೆ. ಸಬ್‌ವೂಫರ್ ಎಲ್ಲಿಡಬೇಕು ಅನ್ನೋದಕ್ಕೂ ಹಳೇ ಉಪಾಯವಿದೆ. ಅದನ್ನು ಸೋಫಾ ಮೇಲೆ ಇಟ್ಟು ಹಾಡು ಹಾಕಿ, ಕೋಣೆಯ ಅಂಚಿನಲ್ಲಿ ಅಂಬೆಗಾಲಿಡುತ್ತ ಹೋಗಬೇಕು. ಬೇಸ್ ಎಲ್ಲಿ ಗುಂಯ್ಗುಡದೆ ಸಮವಾಗಿ ಕೇಳುತ್ತೋ ಅದೇ ಅದರ ಜಾಗ. ನೋಡಿದ ಮನೆಯವರು ನಗಬಹುದು, ಫಲಿತಾಂಶ ಕೇಳಿದ ಮೇಲೆ ನಗಲ್ಲ.

ಹೊಸ ಬಡಾವಣೆಗಳಲ್ಲಿ ಮನೆ ಕಟ್ಟುವವರಿಂದ ಇನ್ನೂ ಒಳ್ಳೆಯ ಕೆಲಸ ಬರುತ್ತೆ, ಆದರೆ ಪ್ಲಾಸ್ಟರಿಂಗ್‌ಗೆ ಮೊದಲೇ ಹೋಗಬೇಕು. ವೈರಿಂಗ್‌ನವರು ರೂಢಿಯಂತೆ ಮುಕ್ಕಾಲು ಇಂಚಿನ ಪೈಪ್ ಹಾಕಿಬಿಟ್ಟರೆ ಅದರಲ್ಲಿ ಎಚ್‌ಡಿಎಂಐ ಕೇಬಲ್‌ನ ತುದಿ ತೂರಲ್ಲ. ಆಮೇಲೆ ಬಣ್ಣ ಬಳಿದ ಗೋಡೆ ಒಡೆಯಬೇಕು, ಇಲ್ಲಾ ವೈರ್ ನೇತಾಡಬೇಕು. ಕರೆಂಟ್ ವೈರಿನ ಪೈಪಿನಲ್ಲೇ ಸ್ಪೀಕರ್ ವೈರ್ ಎಳೆಯುವುದೂ ಬೇಡ. ಅಗ್ಗದ ವೈರ್‌ಗಳಲ್ಲಿ ಅಲ್ಯೂಮಿನಿಯಂಗೆ ತಾಮ್ರದ ಲೇಪ ಇರುತ್ತೆ, ತುದಿ ಕೆರೆದು ನೋಡಿದರೆ ಬೆಳ್ಳಗೆ ಕಾಣುತ್ತೆ. ಊರಿನ ಎಲೆಕ್ಟ್ರಿಷಿಯನ್, ಮೇಸ್ತ್ರಿ ಜೊತೆ ಸ್ನೇಹವಿದ್ದರೆ ಬೋರ್ಡ್ ಹಾಕುವ ಖರ್ಚೇ ಇಲ್ಲ.

ಹೋಮ್ ಥಿಯೇಟರ್ ಮಾಡಿಸುವಷ್ಟು ಹಣ ಇರುವವರು ತಾಲೂಕಿನಲ್ಲಿ ಕಡಿಮೆ ಅಂತ ಅನ್ನಿಸಿದರೆ ಕಲ್ಯಾಣ ಮಂಟಪ, ದೇವಸ್ಥಾನ, ಚರ್ಚ್, ಶಾಲೆ ಸಭಾಂಗಣಗಳ ಕಡೆ ನೋಡಬಹುದು. ಸೌಂಡ್ ಸಾಲದು ಅಂತ ಅಲ್ಲಿನವರು 100 ವಾಟ್ ತೆಗೆದು 200 ವಾಟ್ ಹಾಕಿಸ್ತಾರೆ. ಪವರ್ ಇಮ್ಮಡಿಯಾದರೆ ಹೆಚ್ಚುವುದು 3 ಡೆಸಿಬಲ್ ಅಷ್ಟೇ, ಕಿವಿಗೆ ತುಸುವೇ ವ್ಯತ್ಯಾಸ. ಸ್ಪೀಕರನ್ನು ಜನರ ಹತ್ತಿರಕ್ಕೆ ತಂದು, ಮೈಕ್ ಅದರ ಹಿಂದೆ ಬರುವ ಹಾಗೆ ನಿಲ್ಲಿಸಿದರೆ ಕೀಂಯ್ ಅನ್ನೋದೂ ಕಡಿಮೆಯಾಗುತ್ತೆ. ಆದರೆ ಸಭಾಂಗಣದ ಕೆಲಸಕ್ಕೆ ಹೋಗುವವರಿಗೆ 2000ದ ಶಬ್ದಮಾಲಿನ್ಯ ನಿಯಮ ಗೊತ್ತಿರಬೇಕು: ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಹಾಕುವಂತಿಲ್ಲ.

ಇನ್ನು ದುಡ್ಡಿನ ವಿಷಯ. ಹವ್ಯಾಸಿಗಳು ಸೋಲುವುದು ಕೆಲಸದಲ್ಲಲ್ಲ, ಬಾಯಿಬಿಟ್ಟು ಕೇಳುವುದರಲ್ಲಿ. ಇಷ್ಟು ವರ್ಷ ಕಾಫಿಗೆ ಮಾಡಿದ ಕೆಲಸಕ್ಕೆ ಈಗ ನೆಂಟರಿಗೆ ಬಿಲ್ ಕೊಡುವುದು ಹೇಗೆ? ಫೋನ್‌ನಲ್ಲೇ "ಬಂದು ನೋಡೋಕೆ ಇಷ್ಟು, ಕೆಲಸ ಒಪ್ಪಿದರೆ ಅದನ್ನು ಮುರ್ಕೊಳ್ತೀನಿ" ಅಂದುಬಿಟ್ಟರೆ ಮುಜುಗರ ಅಲ್ಲಿಗೇ ಮುಗಿಯುತ್ತೆ. ಸಾಮಾನನ್ನು ಗಿರಾಕಿಯೇ ತನ್ನ ಹೆಸರಿನ ಬಿಲ್‌ಗೆ ಕೊಳ್ಳಲಿ. ವಾರಂಟಿ ಅವನ ಹೆಸರಿಗೇ ಇರುತ್ತೆ, ಅವನ ಒಂದೂವರೆ ಲಕ್ಷ ನಿಮ್ಮ ಫೋನ್‌ಪೇ ಮೂಲಕ ಹಾಯುವುದಿಲ್ಲ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಸಾಮಾನನ್ನು ನೀವೇ ತಂದು ಮಾರಿದರೆ ಆ ಹಣವೂ ಈ ಲೆಕ್ಕಕ್ಕೆ ಸೇರುತ್ತೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಿದ್ದನ್ನು ಅಂಗಡಿಯವರು ಮರೆತಿರಲಿಕ್ಕಿಲ್ಲ. ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲೇ ಆಗುತ್ತೆ, ಸರ್ಕಾರಕ್ಕೆ ಶುಲ್ಕ ಇಲ್ಲ.

ಕೆಲಸ ಎಲ್ಲ ತಿಂಗಳೂ ಒಂದೇ ಸಮ ಇರಲ್ಲ. ಆಷಾಢದಲ್ಲಿ ಮದುವೆ, ಗೃಹಪ್ರವೇಶ ಎರಡೂ ಇಲ್ಲ. ಹಾಗಾಗಿ ಮೊದಲ ವರ್ಷ ಇರುವ ಕೆಲಸ ಬಿಡದೆ ಸಂಜೆ, ಭಾನುವಾರ ಮಾತ್ರ ಮಾಡಿ ನೋಡುವುದು ಕ್ಷೇಮ. ಸಿಸಿಟಿವಿ ಕೆಲಸವನ್ನೂ ಜೊತೆಗೆ ಕಲಿತರೆ ಖಾಲಿ ತಿಂಗಳು ತುಂಬುತ್ತೆ, ಅಂಗಡಿಗಳಿಂದ ಅದಕ್ಕೆ ಬೇಡಿಕೆ ಇದ್ದೇ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲಿ ಬ್ಯಾಂಕ್‌ಗಳು ಜಿಲ್ಲೆಗಳಲ್ಲಿ ನಡೆಸುವ ಆರ್‌ಸೆಟಿ ಕೇಂದ್ರಗಳಲ್ಲಿ ಊಟ, ವಸತಿ ಸಮೇತ ಉಚಿತ ತರಬೇತಿ ಇರುತ್ತೆ. ಸಿಸಿಟಿವಿ ಬ್ಯಾಚ್ ಯಾವಾಗ ಅಂತ ಅಲ್ಲೇ ವಿಚಾರಿಸಬಹುದು.