ಫರಕ್ಕಾ: ಸರಾಸರಿಯ ಮೇಲೆ ನಿಂತ ಒಪ್ಪಂದ

ಭಾರತ ಮತ್ತು ಬಾಂಗ್ಲಾದೇಶದ ನಡುವಿನ ಗಂಗಾ ನೀರು ಹಂಚಿಕೆ ಒಪ್ಪಂದಕ್ಕೆ 1996ರ ಡಿಸೆಂಬರ್ 12ರಂದು ನವದೆಹಲಿಯಲ್ಲಿ ಸಹಿ ಹಾಕಿದವರು ಅಂದಿನ ಪ್ರಧಾನಿ ಎಚ್.ಡಿ. ದೇವೇಗೌಡ ಮತ್ತು ಬಾಂಗ್ಲಾ ಪ್ರಧಾನಿ ಶೇಖ್ ಹಸೀನಾ. ಅದರ 30 ವರ್ಷಗಳ ಅವಧಿ 2026ರ ಡಿಸೆಂಬರ್‌ಗೆ ಮುಗಿಯುತ್ತದೆ. ಯಾರಿಗೆ ಎಷ್ಟು ಪಾಲು ಎಂಬ ವಾದಕ್ಕೆ ಮೊದಲು ಪರಿಶೀಲಿಸಬೇಕಾದ ಅಂಕಿಯೊಂದು ಈ ಒಪ್ಪಂದದಲ್ಲಿದೆ: 60,992 ಕ್ಯುಸೆಕ್.

ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು. ಏಪ್ರಿಲ್ 21ರಿಂದ 30ರವರೆಗೆ ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜ್‌ಗೆ ಬರುವ ನೀರು ಇಷ್ಟು ಎಂದು ಒಪ್ಪಂದದ ಅನುಬಂಧ ಹಿಡಿದಿದೆ. ಜನವರಿಯ ಮೊದಲ ಹತ್ತು ದಿನಗಳ 1,07,516 ಕ್ಯುಸೆಕ್‌ಗೆ ಹೋಲಿಸಿದರೆ ಇದು ಶೇ 43ರಷ್ಟು ಕಡಿಮೆ. ಎರಡೂ 1949ರಿಂದ 1988ರವರೆಗಿನ 40 ವರ್ಷಗಳ ಸರಾಸರಿ.

1977ರ ಐದು ವರ್ಷಗಳ ಒಪ್ಪಂದದಲ್ಲಿ ಇದೇ ಹತ್ತು ದಿನಗಳಿಗೆ ಹಿಡಿದಿದ್ದ ಹರಿವು 55,000 ಕ್ಯುಸೆಕ್. ಅಂದರೆ 1996ರ ಅಂಕಿ ಶೇ 10.9ರಷ್ಟು ಹೆಚ್ಚು. ನದಿಯಲ್ಲಿ ನೀರು ಹೆಚ್ಚಿದ್ದರಿಂದ ಬಂದ ಏರಿಕೆ ಎಂದು ಇದನ್ನು ಓದಬಾರದು. ದಾಖಲೆಯ ವರ್ಷಗಳು ಬದಲಾದವು. ಲೆಕ್ಕದ ವಿಧಾನವೂ ಬದಲಾಯಿತು. 1977ರ ಲೆಕ್ಕ ಶೇ 75ರ ಲಭ್ಯತೆಯದು, ಅಂದರೆ ನೂರರಲ್ಲಿ 75 ವರ್ಷ ಖಚಿತವಾಗಿ ಸಿಗುವ ನೀರಿನದು. ಸರಾಸರಿಗೆ ಆ ಖಾತರಿ ಇಲ್ಲ.

ಈ ಎರಡು ವಿಧಾನಗಳ ನಡುವಿನ ಅಂತರ ಎಷ್ಟು ದೊಡ್ಡದಾಗಬಹುದು ಎಂಬುದನ್ನು ಕೃಷ್ಣಾ ಕಣಿವೆಯವರು ಬಲ್ಲರು. ಎರಡನೇ ಕೃಷ್ಣಾ ನ್ಯಾಯಮಂಡಳಿ 47 ವರ್ಷಗಳ ಒಂದೇ ದಾಖಲೆಯಿಂದ ತೆಗೆದ ಲೆಕ್ಕದಲ್ಲಿ ಶೇ 75ರ ಲಭ್ಯತೆಯಂತೆ ನೀರು 2,173 ಟಿಎಂಸಿ ಅಡಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ), ಸರಾಸರಿಯಂತೆ 2,578 ಟಿಎಂಸಿ ಅಡಿ. ವ್ಯತ್ಯಾಸ 405 ಟಿಎಂಸಿ ಅಡಿ, ಶೇ 18.6.

1996ರ ಸೂತ್ರ ಜನವರಿ 1ರಿಂದ ಮೇ 31ರವರೆಗೆ ಹತ್ತು ಹತ್ತು ದಿನಗಳ ಲೆಕ್ಕದಲ್ಲಿ ನಡೆಯುತ್ತದೆ. ಹರಿವು 70,000 ಕ್ಯುಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಇಬ್ಬರಿಗೂ ಸಮಪಾಲು. 70,000ದಿಂದ 75,000 ಇದ್ದರೆ ಬಾಂಗ್ಲಾಕ್ಕೆ 35,000, ಉಳಿದದ್ದು ಭಾರತಕ್ಕೆ. ಅದಕ್ಕೂ ಹೆಚ್ಚಿದ್ದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾಕ್ಕೆ. ಈ 40,000 ಕ್ಯುಸೆಕ್, ಕೋಲ್ಕತ್ತ ಬಂದರಿನ ಹೂಳು ತಳ್ಳಲು ಹೂಗ್ಲಿಗೆ ನೀರೊಯ್ಯುವ ಕಾಲುವೆಯ ಪೂರ್ಣ ಸಾಮರ್ಥ್ಯ.

ನಿಜವಾದ ಬಿಕ್ಕಟ್ಟು ಮಾರ್ಚ್ 11ರಿಂದ ಮೇ 10ರವರೆಗಿನ ಆರು ಅವಧಿಗಳದು. ಒಂದು ಬಿಟ್ಟು ಒಂದರಂತೆ ಪ್ರತಿ ದೇಶಕ್ಕೂ ಮೂರು ಅವಧಿಗಳಲ್ಲಿ 35,000 ಕ್ಯುಸೆಕ್ ಖಾತರಿ. ಹತ್ತು ದಿನ ಈ ಪ್ರಮಾಣದಲ್ಲಿ ಹರಿದರೆ 30.24 ಟಿಎಂಸಿ ಅಡಿ, ಅಂದರೆ ಕೆಆರ್‌ಎಸ್ ಜಲಾಶಯದ ಸಾಮರ್ಥ್ಯದ ಶೇ 61. ಸರಾಸರಿ ಹರಿವಿನಲ್ಲೇ ಭಾರತದ ಪಾಲು ಏಪ್ರಿಲ್ ಎರಡನೇ ಹತ್ತು ದಿನಗಳಲ್ಲಿ 35,000 ಇದ್ದದ್ದು ಕೊನೆಯ ಹತ್ತು ದಿನಗಳಲ್ಲಿ 25,992ಕ್ಕೆ ಇಳಿಯುತ್ತದೆ: ಶೇ 25.7ರಷ್ಟು ಕಡಿತ. ಹರಿವು 50,000ಕ್ಕೆ ಕುಸಿದರೆ ಸರದಿ ಇಲ್ಲದವರಿಗೆ ದಕ್ಕುವುದು 15,000. ಆಗ ಹತ್ತು ದಿನಗಳ ನೀರು 12.96 ಟಿಎಂಸಿ ಅಡಿ ಮಾತ್ರ. ಈ ನೀರನ್ನು ನಂಬಿ ಬೇಸಿಗೆ ಭತ್ತ ಬೆಳೆಯುವ ಬಾಂಗ್ಲಾ ರೈತನಿಗೆ ಹತ್ತು ದಿನಗಳ ಅಂತರ ಸಣ್ಣದಲ್ಲ.

50,000ಕ್ಕಿಂತ ಕೆಳಗೆ ಒಪ್ಪಂದದಲ್ಲಿ ಅಂಕಿಯೇ ಇಲ್ಲ. ಎರಡೂ ಸರ್ಕಾರಗಳು ತಕ್ಷಣ ಸಮಾಲೋಚಿಸಬೇಕು ಎಂದಷ್ಟೇ ಇದೆ. 1977ರ ಒಪ್ಪಂದ ಇಲ್ಲಿ ಸ್ಪಷ್ಟವಾಗಿತ್ತು. ಏಪ್ರಿಲ್ ಕೊನೆಗೆ ಬಾಂಗ್ಲಾ ಪಾಲು 34,500. ನೀರು ಎಷ್ಟೇ ಕಡಿಮೆಯಾದರೂ ಅದರ ಶೇ 80, ಅಂದರೆ 27,600 ಕ್ಯುಸೆಕ್ ಬಿಡಲೇಬೇಕಿತ್ತು. ಹರಿವು 40,000ಕ್ಕೆ ಇಳಿದರೆ ಭಾರತಕ್ಕೆ ಉಳಿಯುತ್ತಿದ್ದದ್ದು 12,400. ಈ ಷರತ್ತು ಭಾರತಕ್ಕೆ ಭಾರವಾಗಿತ್ತು ಎಂಬುದು ನಿಜ. ಆದರೆ ಕೊರತೆಯ ವರ್ಷದಲ್ಲಿ ಕೆಳಹರಿವಿನ ದೇಶಕ್ಕೆ ಬೇಕಾದದ್ದು ಮಾತುಕತೆಗಿಂತ ಮೊದಲು ಒಂದು ಕನಿಷ್ಠ ಅಂಕಿ.

ಮೇಲ್ಭಾಗದ ಬಳಕೆಯ ಬಗ್ಗೆ 1996ರ ಒಪ್ಪಂದ ಇನ್ನೂ ಸಡಿಲ. ಫರಕ್ಕಾದಿಂದ ಕೆಳಗೆ, ಗಂಗೆಯ ಎರಡೂ ದಡ ಬಾಂಗ್ಲಾದ್ದಾಗುವ ಜಾಗದವರೆಗೆ, ಭಾರತ 200 ಕ್ಯುಸೆಕ್‌ಗಿಂತ ಹೆಚ್ಚು ಬಳಸುವಂತಿಲ್ಲ. ಫರಕ್ಕಾದಿಂದ ಮೇಲೆ ಉತ್ತರ ಪ್ರದೇಶ, ಬಿಹಾರಗಳು ಎಷ್ಟು ಎತ್ತಬಹುದು ಎಂಬುದಕ್ಕೆ ಮಿತಿ ಇಲ್ಲ. 40 ವರ್ಷಗಳ ಸರಾಸರಿ ಹರಿವನ್ನು ಕಾಪಾಡಲು ಎಲ್ಲ ಪ್ರಯತ್ನ ಮಾಡಬೇಕೆಂಬ ಮಾತು ಮಾತ್ರ ಇದೆ.

ಗಂಗೆಯೂ ಸೇರಿ ಎರಡೂ ದೇಶಗಳು ಹಂಚಿಕೊಳ್ಳುವ ನದಿಗಳು 54. 2011ರ ತೀಸ್ತಾ ಕರಡಿನಲ್ಲಿ ಭಾರತಕ್ಕೆ ಶೇ 42.5, ಬಾಂಗ್ಲಾಕ್ಕೆ ಶೇ 37.5 ಎಂದಿತ್ತು, ಪಶ್ಚಿಮ ಬಂಗಾಳ ಸರ್ಕಾರದ ವಿರೋಧದಿಂದ ಸಹಿ ಬೀಳಲಿಲ್ಲ. 2022ರಲ್ಲಿ ಕುಶಿಯಾರಾ ನದಿಯಿಂದ 153 ಕ್ಯುಸೆಕ್ ಎತ್ತಲು ಒಪ್ಪಿಗೆಯಾಯಿತು. ಅದು ಫರಕ್ಕಾದ ಖಾತರಿಯ 35,000 ಕ್ಯುಸೆಕ್‌ನ ಶೇ 0.44.

ಹೊಸ ಒಪ್ಪಂದದ ಅನುಬಂಧದಲ್ಲಿ 1988ರ ನಂತರದ ಹರಿವಿನ ದಾಖಲೆ ಸೇರಬೇಕು, ಸರಾಸರಿಯ ಪಕ್ಕದಲ್ಲಿ ಶೇ 75ರ ಲಭ್ಯತೆಯ ಕಾಲಂ ಇರಬೇಕು, 50,000 ಕ್ಯುಸೆಕ್‌ಗಿಂತ ಕೆಳಗಿನ ಪ್ರತಿ 5,000ಕ್ಕೂ ಎರಡೂ ದೇಶಗಳ ಪಾಲು ಸಂಖ್ಯೆಯಲ್ಲಿ ನಮೂದಾಗಬೇಕು.